ಮೂರನೇ ಚಾನಲ್‌ನಲ್ಲಿ ಬಂದ ದನಿ

ದೆವ್ವ ಕಂಡೆ, ದನಿ ಕೇಳಿದೆ ಎಂದು ಯಾರಾದರೂ ಹೇಳಿದರೆ ಅವರ ಮುಖದ ಮೇಲೆಯೇ ನಗುತ್ತಿದ್ದವಳು ನಾನು. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಜಾರಿಲ್ಲ. ಓದಿದ್ದು ನಾಲ್ಕನೇ ಇಯತ್ತೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಅಷ್ಟೇ.

ತೊಂಬತ್ತರ ದಶಕದ ಕೊನೆಗೆ ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಹಾಲೆಂಡಿನ ಡೀಮೆನ್‌ಗೆ ಹೋಗಿದ್ದೆ. ಎತ್ತರದ ಕಟ್ಟಡದಲ್ಲಿ ಮನೆ. ಮೈಸೂರಿನ ಅಳಿಯನಿಗೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ರೇಡಿಯೊದ ಹುಚ್ಚು. ಯಾರ್ಯಾರದೋ ಮಾತು ಅದರಲ್ಲಿ ಕೇಳುತ್ತಿತ್ತು. ಕೂಸಿನ ಕೋಣೆಯಲ್ಲಿ ಅಳು ಕೇಳಿಸುವ ಒಂದು ಪುಟ್ಟ ಯಂತ್ರ ಇಟ್ಟಿದ್ದರು. ಅದರ ಫ್ರೀಕ್ವೆನ್ಸಿಯನ್ನು ಅಳಿಯ ಸ್ಕ್ಯಾನರಿನ ಮೂರನೇ ಚಾನಲ್‌ಗೆ ತುಂಬಿ ನನಗೆ ಕೊಟ್ಟ.

"ಅತ್ತೆ, ಮೂರು ಒತ್ತಿ, ಆಮೇಲೆ ಈ ಮ್ಯಾನುಯಲ್ ಬಟನ್. ಸುಯ್ ಅಂತ ಸೌಂಡ್ ಬಂದ್ರೆ ಸ್ಕ್ವೆಲ್ಚ್ ಅನ್ನೋ ಈ ತಿರುಪು ತಿರುಗಿಸಿ, ನಿಲ್ಲುತ್ತೆ."

"ಇದರಾಗ ನಾನೂ ಮಾತಾಡಬಹುದೇನಪಾ?"

"ಇಲ್ಲ ಅತ್ತೆ, ಕೇಳೋಕೆ ಮಾತ್ರ."

"ಹಂಗಾರ ಇದು ನನಗಲ್ಲ ಬಿಡು," ಎಂದೆ. ಮಗಳು ಬಿದ್ದು ಬಿದ್ದು ನಕ್ಕಳು. ಆದರೂ ಅದನ್ನು ಸ್ವೆಟರಿನ ಕಿಸೆಯಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೆ.

ಒಂದು ಮಧ್ಯಾಹ್ನ ಮಗಳು ಡಾಕ್ಟರ ಬಳಿ ಹೋಗಿದ್ದಳು. ಅಳಿಯ ಆಫೀಸಿನಲ್ಲಿದ್ದ. ಕೂಸಿನ ಹೊಟ್ಟೆಗೆ ಬಿಸಿ ಬಟ್ಟೆಯ ಕಾವು ಕೊಡಬೇಕಿತ್ತು. ಕೆಂಡ ಮಾಡಿದರೆ ಹೊಗೆಗೆ ಮನೆಯ ಅಪಾಯದ ಗಂಟೆ ಬಡಿಯುತ್ತದೆ ಎಂದು ಮಗಳು ಅಗ್ಗಿಷ್ಟಿಕೆ ಇಡಲು ಬಿಟ್ಟಿರಲಿಲ್ಲ. ಬಟ್ಟೆ ಬಿಸಿ ಮಾಡಲು ಕೂಸಿನ ಕೋಣೆಯಲ್ಲೇ ಗೋಡೆಗೆ ಚುಚ್ಚಿದ್ದ ಯಾವುದೋ ವೈರು ಕಿತ್ತು, ಅಲ್ಲಿಗೆ ಇಸ್ತ್ರಿ ಪೆಟ್ಟಿಗೆಯದು ಹಾಕಿದೆ. ಅದು ಕಾಯುವಷ್ಟರಲ್ಲಿ ಒಣಗಿದ ಬಟ್ಟೆ ತರೋಣವೆಂದು ಪಡಸಾಲೆಯ ಆಚೆಯ ಬಾಲ್ಕನಿಗೆ ಬಂದೆ. ಹಿಂದೆ ಗಾಳಿಗೆ ಬಾಗಿಲು ಬಡಿದು ಮುಚ್ಚಿತು. ಹೊರಗಡೆ ಹಿಡಿಕೆಯೇ ಇರಲಿಲ್ಲ.

ಗಾಜು ಗುದ್ದಿದೆ. ಕೂಗಿದೆ. ಕೆಳಗೆ ಟ್ರಾಮ್ ಹೋಯಿತು, ಯಾರೂ ತಲೆ ಎತ್ತಲಿಲ್ಲ. ಗಾಜು ಒಡೆಯೋಣವೆಂದರೆ ಅಲ್ಲಿ ಬಟ್ಟೆಯ ಕ್ಲಿಪ್ಪು ಬಿಟ್ಟು ಏನೂ ಇಲ್ಲ. ಒಳಗೆ ಕಾಯುತ್ತಿರುವ ಇಸ್ತ್ರಿ, ಅದರ ಪಕ್ಕದಲ್ಲೇ ಕೂಸು. ಇಸ್ತ್ರಿ ಬಟ್ಟೆಯ ಮೇಲೆ ಉರುಳಿದರೆ ಗತಿಯೇನು?

ಕಿಸೆಯಿಂದ ಸ್ಕ್ಯಾನರ್ ತೆಗೆದು ಮೂರು ಒತ್ತಿದೆ. ಕೂಸು ಉಸಿರುಗಟ್ಟಿ ಅಳುತ್ತಿತ್ತು. ನಾನು ಕೇಳಬಹುದಿತ್ತು, ಒಂದು ಮಾತೂ ಆಡುವಂತಿರಲಿಲ್ಲ. ಆಗ ಒಬ್ಬ ಹೆಂಗಸಿನ ದನಿ ಬಂತು. ವಯಸ್ಸಾದ ದನಿ, ನಮ್ಮ ಕಡೆಯ ಮಾತು.

"ಅಳಬ್ಯಾಡ ಕೂಸ. ನಿಮ್ಮಜ್ಜಿ ಹೊರಗ ಸಿಕ್ಕೊಂಡಾಳ. ನಾ ಅದೀನಲ್ಲ."

ಅಳು ನಿಂತಿತು.

ಕತ್ತಲಾಗುವ ಮುಂಚೆ ಮಗಳು ಬಂದು ಬಾಗಿಲು ತೆಗೆದಳು. ಒಳಗೆ ಓಡಿದೆ. ಯಾರೂ ಇರಲಿಲ್ಲ. ಕೂಸು ಕಣ್ಣು ಬಿಟ್ಟುಕೊಂಡು ಮುಷ್ಟಿ ಚೀಪುತ್ತಿತ್ತು. ಇಸ್ತ್ರಿ ಇಟ್ಟಲ್ಲೇ ಇತ್ತು. ನಾನು ಕಿತ್ತ ವೈರು ನೆಲದ ಮೇಲೆ ಬಿದ್ದಿತ್ತು. ಅದು ಕೂಸಿನ ಯಂತ್ರದ ವೈರೇ. ಸಂಜೆ ಅಳಿಯ ಯಂತ್ರವನ್ನು ಬಿಚ್ಚಿ ನೋಡಿದ. ಒಳಗೆ ಬ್ಯಾಟರಿಯೂ ಇರಲಿಲ್ಲ.

"ಪಕ್ಕದ ಮನೆಯವರ ಬೇಬಿ ಮಾನಿಟರ್ ಇರ್ಬೇಕು ಅತ್ತೆ, ಇಂಥದ್ದೇ. ಮಿಕ್ಸ್ ಆಗತ್ತೆ."

"ನಿನ್ನ ಡಚ್ಚರು ಧಾರವಾಡದ ಮಾತು ಯಾವಾಗ ಕಲತ್ರಪಾ?"

ಅವನು ಯಂತ್ರದ ಮುಚ್ಚಳ ಮತ್ತೆ ಹಾಕತೊಡಗಿದ.

ಬೇರೆ ಯಾರೋ ಕನ್ನಡದವರು ಹತ್ತಿರದಲ್ಲಿ ಇದ್ದರೇನೋ ಎಂದುಕೊಂಡೆ. ಅವರ ಮನೆಯ ಕೂಸೂ ಆಗಲೇ ಅತ್ತಿತೇನೋ. ಅಲ್ಲಿಯವರೆಗೆ ಒಪ್ಪಬಹುದು. ಆದರೆ ಅಜ್ಜಿ ಹೊರಗೆ ಸಿಕ್ಕಿಕೊಂಡಿದ್ದು ಆಕೆಗೆ ಹೇಗೆ ಗೊತ್ತಾಯಿತು? ಮೊಮ್ಮಗಳು ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಅದೊಂದು ನನಗೆ ಇನ್ನೂ ತಿಳಿದಿಲ್ಲ.