ಕೊಟ್ಟವರ ಹೆಸರು

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹಳೆಯ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಆಕೆಯನ್ನು ಎಲ್ಲರೂ ರಿಜಿಸ್ಟರ್ ಅಕ್ಕ ಎನ್ನುತ್ತಿದ್ದರು. ಯಾರಾದರೂ ಒಂದು ಹರಕು ಕಾಗದ ತಂದುಕೊಟ್ಟರೂ ಸರಿ, ರಿಜಿಸ್ಟರಿನಲ್ಲಿ ಕೊಟ್ಟವರ ಹೆಸರು, ವಿಳಾಸ ಬೀಳದೆ ಅದು ಕಪಾಟು ಸೇರುತ್ತಿರಲಿಲ್ಲ. ಇತಿಹಾಸದ ಪುಸ್ತಕಗಳೆಲ್ಲ ದೊಡ್ಡವರ ಹೊಗಳಿಕೆಯೇ ಎಂದು ಆಕೆಗೆ ಮೈಯೆಲ್ಲ ಉರಿ. ಅದಕ್ಕೇ ಇಪ್ಪತ್ತಾರು ವರ್ಷ ಟೇಪ್ ರೆಕಾರ್ಡರ್ ಹೊತ್ತು ಚರಂಡಿ ಬಳಿಯುವವರ, ಚರ್ಮ ಹದ ಮಾಡುವವರ ಮನೆಬಾಗಿಲು ತಿರುಗಿ ಅವರ ಬದುಕಿನ ಕಥೆ ಹಿಡಿದಿಟ್ಟಳು. ಪ್ರೊಫೆಸರುಗಳು ಹಿಂದಿನಿಂದ ನಗುತ್ತಿದ್ದರು. ಆಮೇಲೆ ಅದೇ ಟೇಪುಗಳನ್ನು ಕೇಳಿ ಪ್ರಬಂಧ ಬರೆದು ಬಡ್ತಿಯನ್ನೂ ಹೊಡೆದುಕೊಂಡರು. ನಾಚಿಕೆ ಅನ್ನುವುದು ಕೆಲವರ ಹತ್ತಿರ ಸುಳಿಯುವುದೇ ಇಲ್ಲ.

ಚರ್ಮದ ಕಾರ್ಖಾನೆಯ ಮುದುಕಿಯೊಬ್ಬಳು ಮಾತ್ರ ಎರಡು ವರ್ಷ ಬಾಯಿ ಬಿಡಲಿಲ್ಲ. ಬಿಟ್ಟ ದಿನ, ಮುಷ್ಕರ ಹೂಡಿದ ಹನ್ನೊಂದು ಜನರನ್ನು ಮಾಲೀಕನ ಕಡೆಯವರು ಗೋದಾಮಿನಲ್ಲಿ ಕೂಡಿಹಾಕಿ, ಹೊರಗಿನಿಂದ ಚಿಲಕ ಜಡಿದು ಬೆಂಕಿ ಇಟ್ಟದ್ದನ್ನು ಹೇಳಿದಳು. ಬೆಂದವರಲ್ಲಿ ಅವಳ ಗಂಡನೂ ಒಬ್ಬ. ಅವರಲ್ಲಿ ಬೆಂಕಿ ಇಟ್ಟವನು ಈಗ ಊರಿಗೇ ದೊಡ್ಡ ಮನುಷ್ಯ. ತನ್ನ ಹೆಸರು ಎಲ್ಲೂ ಬರಬಾರದೆಂದು ಮುದುಕಿ ಕೈ ಹಿಡಿದು ಬೇಡಿಕೊಂಡಳು. ಅಕ್ಕ ಮಾತು ಕೊಟ್ಟಳು. ಟೇಪಿನ ಮೇಲೆ ಬರೀ ನಂಬರು ಹಾಕಿದಳು. ಆದರೆ ಕೈಗೆ ಹತ್ತಿದ ಚಾಳಿ ಬಿಡಬೇಕಲ್ಲ, ರಿಜಿಸ್ಟರಿನಲ್ಲಿ ಹೆಸರು, ವಿಳಾಸ ಎರಡನ್ನೂ ತುಂಬಿದಳು.

ಒಬ್ಬ ಪ್ರೊಫೆಸರು ಆ ಟೇಪಿನ ಬಗ್ಗೆ ಭಾಷಣದಲ್ಲಿ ಬಡಾಯಿ ಕೊಚ್ಚಿಕೊಂಡ. ಮಾರನೆಯ ಮಧ್ಯಾಹ್ನವೇ ಆ ದೊಡ್ಡ ಮನುಷ್ಯನ ಕಡೆಯ ನಾಲ್ವರು ಕಬ್ಬಿಣದ ಸರಳು ಹಿಡಿದು ಲೈಬ್ರರಿಗೆ ನುಗ್ಗಿದರು. ಓದುತ್ತಿದ್ದವರು ದಿಕ್ಕಾಪಾಲಾದರು. ಹೇಳಿದ್ದು ಯಾರೆಂದು ಕೇಳಿದರೆ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಬಲಗೈಯನ್ನು ಮೇಜಿಗೆ ಒತ್ತಿಹಿಡಿದು ಒಂದೊಂದೇ ಬೆರಳು ಜಜ್ಜಿದರು. ನಾಲ್ಕನೆಯದಕ್ಕೆ ಅವಳಿಗೆ ಪ್ರಜ್ಞೆ ತಪ್ಪಿತು, ಹೆಸರು ಮಾತ್ರ ಹೊರಬೀಳಲಿಲ್ಲ. ಅಷ್ಟರಲ್ಲಿ ಒಬ್ಬ ಅದೇ ಮೇಜಿನ ಮೇಲಿದ್ದ ರಿಜಿಸ್ಟರ್ ತೆರೆದಿದ್ದ. ಸಂಜೆಯೊಳಗೆ ಮುದುಕಿಯನ್ನು ಅವಳ ಮನೆ ಹೊಸ್ತಿಲಲ್ಲೇ ಬಡಿದು ಕೊಂದರು.

ಎರಡು ತಿಂಗಳ ಮೇಲೆ ಮುದುಕಿಯ ಮಗಳು ಲೈಬ್ರರಿಗೆ ಬಂದಳು. ಅಕ್ಕ ಎದ್ದು ನಿಂತು, ತಪ್ಪೆಲ್ಲ ತನ್ನದೇ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಮಗಳು ನಂಬರುಗಳ ನಡುವೆ ಕೊಂದವರ ಕಣ್ಣಿಗೆ ಬೀಳದೆ ಉಳಿದಿದ್ದ ಟೇಪ್ ಹಾಕಿಸಿಕೊಂಡು ತಾಯಿಯ ದನಿಯನ್ನು ಕೊನೆಯವರೆಗೂ ಕೇಳಿದಳು.

"ನಿಮ್ಮನ್ನ ನಾನು ಕ್ಷಮಿಸಲ್ಲ ಅಕ್ಕಾ," ಅಂದಳು. "ಆದ್ರೆ ಅಮ್ಮನ್ನ ಹೊಡೆದವರನ್ನ ನಾನು ಕಣ್ಣಾರೆ ನೋಡಿದೀನಿ. ಮೆಷಿನ್ ಹಾಕಿ, ಹೇಳ್ತೀನಿ."

ಅವಳು ಹೇಳಿ ಮುಗಿಸುವಷ್ಟರಲ್ಲಿ ಅಕ್ಕ ರಿಜಿಸ್ಟರನ್ನು ಡ್ರಾಯರಿಗೆ ತಳ್ಳುತ್ತಿದ್ದಳು. ಮಗಳು ಅದನ್ನು ಕಿತ್ತುಕೊಂಡಳು. ಅಕ್ಕನ ಬೆರಳುಗಳಲ್ಲಿ ಇನ್ನು ಪೆನ್ನು ನಿಲ್ಲುವಂತಿರಲಿಲ್ಲ. ಕೊಟ್ಟವರ ಹೆಸರು, ವಿಳಾಸ ಎರಡನ್ನೂ ಮಗಳೇ ದಪ್ಪ ಅಕ್ಷರದಲ್ಲಿ ಬರೆದಳು.