ಹಟ್ಟಿಯ ಬದಿಯಲ್ಲಿ ಲೋಲಾಕ್ಷಿಯ ಟುಲಿಪ್

ಮಸೀದಿಯ ಬೆಳಗಿನ ಬಾಂಗ್ ಈಗಷ್ಟೇ ಮುಗಿದಿದೆ. ದುಬೈಯ ಅಲ್ ಖವಾನೀಜ್ ಅಂಚಿನ ಈ ಹಟ್ಟಿಯಲ್ಲಿ ಹಾಲು ಕರೆಯುವ ಯಂತ್ರ ಗುಂಯ್ ಎನ್ನುತ್ತಿದೆ, ನಲವತ್ತು ಚಿಲ್ಲರೆ ಕಪ್ಪು ಬಿಳುಪು ಹಸುಗಳು ಸಾಲಾಗಿ ನಿಂತು ಮೆಲುಕು ಹಾಕುತ್ತಿವೆ. ಧರ್ಮಪಾಲಣ್ಣ ತಮ್ಮ ಪಾಲಿನ ಹಸುಗಳನ್ನು ಮುಗಿಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದು, ಎಡಗಾಲನ್ನು ಸ್ವಲ್ಪ ಎಳೆಯುತ್ತ ಪಕ್ಕದ ಹಳೇ ಹಾಲಿನ ಕೋಣೆಯ ಬಾಗಿಲು ತೆರೆಯುತ್ತಾರೆ. ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಫೆಬ್ರವರಿಯ ಚಳಿ ಸಾಲದೆಂಬಂತೆ ಅಲ್ಲಿ ಏಸಿಯೂ ಓಡುತ್ತಿದೆ.

ಕೋಣೆಯ ತುಂಬ ಟ್ರೇಗಳು. ಟ್ರೇಗಳ ತುಂಬ ಟುಲಿಪ್. ಹಳದಿ, ಬಿಳಿ, ನೇರಳೆ. ಸೆಗಣಿಯ ವಾಸನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಇಂಥದ್ದೊಂದು ಇದೆಯೆಂದು ಯಾರಾದರೂ ಹೇಳಿದ್ದರೆ, ಅಂಕಣಕ್ಕೆಂದು ಇವರನ್ನು ಕಾಣಲು ಬಂದ ನಾನೇ ನಂಬುತ್ತಿರಲಿಲ್ಲ. ಧರ್ಮಪಾಲಣ್ಣ ಅವು ಯಾವುದನ್ನೂ ನೋಡುವುದಿಲ್ಲ. ನೇರ ಮೂಲೆಗೆ ಹೋಗಿ, ಮೊಣಕಾಲು ಮಡಚಲಾಗದ್ದರಿಂದ ಸ್ಟೂಲ್ ಎಳೆದುಕೊಂಡು, ಒಂದು ನೀಲಿ ಟ್ರೇಯ ಮುಂದೆ ಕೂರುತ್ತಾರೆ. ಅದರಲ್ಲಿ ಬರೀ ಎಲೆ. ಒಂದೊಂದೇ ಎಲೆಯನ್ನು ಬೆರಳಲ್ಲಿ ಸರಿಸಿ ನಡುವೆ ಇಣುಕುತ್ತಾರೆ.

"ಇವತ್ತೂ ಇಲ್ಲ" ಎನ್ನುತ್ತಾರೆ. "ನೋಡುವ. ಇನ್ನೂ ಟೈಮ್ ಉಂಟು."

ಟೈಮ್ ಹೆಚ್ಚೇನೂ ಇಲ್ಲ. ಅರುವತ್ತು ದಾಟಿದ ಧರ್ಮಪಾಲಣ್ಣನ ವೀಸಾ ಮಾರ್ಚ್‌ಗೆ ಮುಗಿಯುತ್ತದೆ. ಊರಿಗೆ, ಮುಂಡ್ಕೂರಿನ ಮನೆಗೆ ಟಿಕೆಟ್ ಆಗಿದೆ, ಇನ್ನು ವಾಪಸು ಬರುವ ಲೆಕ್ಕ ಇಲ್ಲ. ಅದಕ್ಕೆ ಮೊದಲು ಆ ನೀಲಿ ಟ್ರೇಯಲ್ಲಿ ಒಂದು ಹೂ ನೋಡಬೇಕು. ಅದು ಅವರ ಹೆಂಡತಿ ಲೋಲಾಕ್ಷಿ ಸಾಕಿದ ಗೆಡ್ಡೆಗಳ ಟ್ರೇ. ಲೋಲಾಕ್ಷಿ ತೀರಿಹೋಗಿ ಇದು ಎರಡನೆಯ ವಸಂತ.

ದುಬೈ ಎಂದರೆ ಗಾಜಿನ ಕಟ್ಟಡ, ಶಾಪಿಂಗ್ ಮಾಲ್ ಎಂದುಕೊಂಡವರು ಮೂಗು ಮುಚ್ಚಿಕೊಳ್ಳದೆ ಒಮ್ಮೆ ಇತ್ತ ಬರಬೇಕು. ಇದೊಂದು ಅರಬ್ ಕುಟುಂಬದ ಸ್ವಂತ ಹಟ್ಟಿ. ಹಾಲು ಮನೆಗೆ, ಬಂಧುಗಳಿಗೆ, ಮಿಕ್ಕಿದ್ದು ಅಕ್ಕಪಕ್ಕದವರಿಗೆ. ಯಜಮಾನಿ ಉಮ್ಮ್ ಸಾಲಿಂ ಅವರನ್ನು ಕೆಲಸದವರೆಲ್ಲ ಮಾಮಾ, ಅಂದರೆ ಅಮ್ಮ, ಎನ್ನುತ್ತಾರೆ. ಆಕೆಯ ಗಂಡ ಬದುಕಿದ್ದಾಗ ಹಾಲೆಂಡಿಗೆ ಹಸು ಕೊಳ್ಳಲು ಹೋಗಿ, ಹಸುಗಳ ಜೊತೆ ಕೊಸರಿನ ಹಾಗೆ ಒಂದು ಚೀಲ ಟುಲಿಪ್ ಗೆಡ್ಡೆಯನ್ನೂ ತಂದರಂತೆ. ಹಸುಗಳು ಒಗ್ಗಿಕೊಂಡವು. ಗೆಡ್ಡೆ ಮರಳಿನಲ್ಲಿ ಬೆಂದುಹೋಯಿತು. ಮಾಮಾ ಹಟ ಬಿಡಲಿಲ್ಲ. ಹೊಸ ಹಾಲಿನ ಕೋಣೆ ಕಟ್ಟಿಸಿದಾಗ ಹಳೆಯದನ್ನು ಟುಲಿಪ್‌ಗೆ ಬಿಟ್ಟುಕೊಟ್ಟರು.

ಇಲ್ಲಿನ ಕ್ರಮ ಹೀಗೆ. ಅಕ್ಟೋಬರಿನಲ್ಲಿ ಹಾಲೆಂಡಿನಿಂದ ಗೆಡ್ಡೆ ಬರುತ್ತದೆ. ಮೂರು ತಿಂಗಳು ಅದನ್ನು ತಣ್ಣನೆಯ ಕತ್ತಲಲ್ಲಿ ಮಲಗಿಸಬೇಕು. ಅದಕ್ಕೆ ಚಳಿಗಾಲ ಆಯಿತೆಂದು ಅನಿಸಬೇಕು, ಇಲ್ಲವಾದರೆ ಹೂ ಬಿಡುವುದಿಲ್ಲ. ಜನವರಿಗೆ ಟ್ರೇಯಲ್ಲಿ ನೆಟ್ಟು, ಬೆಳಗಿನ ಎಳೆ ಬಿಸಿಲಿಗೆ ಹೊರಗಿಟ್ಟು, ಬಿಸಿಲೇರುವ ಮೊದಲು ಒಳಗೆ ತರಬೇಕು. ಹೂ ಮುಗಿದ ಮೇಲೆ ಗೆಡ್ಡೆಯನ್ನು ಎಸೆಯುವುದು. ಹಸುಗಳ ಬಾಯಿಗೆ ಮಾತ್ರ ಸಿಗಬಾರದು, ಅವುಗಳಿಗೆ ಅದು ವಿಷ.

ಈ ಎಸೆಯುವ ಭಾಗ ಲೋಲಾಕ್ಷಿಗೆ ಸರಿ ಬರಲಿಲ್ಲ. ಗಂಡ ದುಬೈಯ ಸತ್ವಾ ಎಂಬಲ್ಲಿನ ಗ್ಯಾರೇಜಿನ ಕೆಲಸ ಬಿಟ್ಟು ಈ ಹಟ್ಟಿಗೆ ಬಂದ ಮೇಲೆ ಆಕೆ ಇಲ್ಲಿ ಅಡುಗೆಗೆ ಬಂದವರು. ತವರು ಶಂಕರಪುರ. ಅಲ್ಲಿ ಮನೆಮನೆಯಲ್ಲೂ ಮಲ್ಲಿಗೆ ಗಿಡ, ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಅಟ್ಟೆ ಕಟ್ಟಿ ಮಾರುವ ಊರು. ಬಿಸಾಡುವ ಗೆಡ್ಡೆಗಳ ಬುಡದಲ್ಲಿ ಬೆಳ್ಳುಳ್ಳಿ ಎಸಳಿನಷ್ಟು ಮರಿಗೆಡ್ಡೆಗಳಿದ್ದವು. ಅವನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನೀಲಿ ಟ್ರೇಯಲ್ಲಿ ಹಾಕಿದರು.

"ನಾನು ತಮಾಷೆ ಮಾಡಿದ್ದು" ಎನ್ನುತ್ತಾರೆ ಧರ್ಮಪಾಲಣ್ಣ. "ಎಂತ ಮಾರಾಯ್ತಿ, ಈರುಳ್ಳಿ ಸಾಂಬಾರಿಗಾ ಅಂತ ಕೇಳಿದೆ. ನೀವು ನಿಮ್ಮ ದನ ನೋಡಿ, ನಾನು ನನ್ನದು ನೋಡ್ತೇನೆ ಅಂದಳು. ಮತ್ತೆ ನಾನು ಮಾತಾಡ್ಲಿಲ್ಲ."

ಮರಿಗೆಡ್ಡೆ ದಪ್ಪವಾಗಲು ವರ್ಷಗಳು ಬೇಕು. ನಡುವೆ ಮೊಗ್ಗು ಕಂಡರೆ ಚಿವುಟಿಬಿಡಬೇಕು, ಹೂವಿಗೆ ಹೋಗುವ ಶಕ್ತಿ ಗೆಡ್ಡೆಗೆ ಇಳಿಯುತ್ತದೆ. ಲೋಲಾಕ್ಷಿ ಪ್ರತಿ ವಸಂತ ಚಿವುಟಿದರು. ಅರಳದ ಮೊಗ್ಗನ್ನು ಕೀಳುವುದು ಅವರ ಬೆರಳಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಒಂದನ್ನಾದರೂ ಬಿಡು, ಬಣ್ಣ ನೋಡುವ ಎಂದು ಗಂಡ ಹೇಳಿದರೆ, ಈ ವರ್ಷ ಬೇಡ, ಇನ್ನೂ ಸಣ್ಣದು, ಬರುವ ವರ್ಷ ನೋಡುವ ಎನ್ನುತ್ತಿದ್ದರಂತೆ. ನಾವು ಗಲ್ಫಿನವರು ಊರಿಗೆ ಹೋಗುವ ಮಾತನ್ನೂ ಹೀಗೆಯೇ ಆಡುತ್ತೇವೆ.

ಅವರ ಒಬ್ಬಳೇ ಮಗಳು ಭವ್ಯಶ್ರೀ ಮುಂಡ್ಕೂರಿನಲ್ಲಿ ಅಜ್ಜಿಯ ಜೊತೆ ಬೆಳೆದವಳು, ಈಗ ಅಲ್ಲೇ ಶಾಲೆಯಲ್ಲಿ ಟೀಚರ್. ಒಮ್ಮೆ ಅಮ್ಮ ಫೋನಿನಲ್ಲಿ ಟ್ರೇಯನ್ನು ತೋರಿಸಿ ಸಂಭ್ರಮ ಪಡುತ್ತಿದ್ದಾಗ, ಅದನ್ನು ಕೈಯಲ್ಲಿ ಸಾಕಿದ್ರಿ, ನನ್ನನ್ನು ಫೋನಲ್ಲಿ ಸಾಕಿದ್ರಿ ಎಂದುಬಿಟ್ಟಳಂತೆ. ಲೋಲಾಕ್ಷಿ ಆ ದಿನ ಊಟ ಮಾಡಲಿಲ್ಲ.

ಎರಡು ವರ್ಷದ ಹಿಂದಿನ ಬೇಸಗೆ ಕಳೆದು ಗೆಡ್ಡೆಗಳನ್ನು ಒಣಗಿಸಿ ತೆಗೆದಾಗ ಅವು ಹಾಲೆಂಡಿನ ಗೆಡ್ಡೆಗಳಷ್ಟೇ ದಪ್ಪ ಆಗಿದ್ದವು. ಈ ಸಲ ಚಿವುಟುವುದಿಲ್ಲ ಎಂದು ಲೋಲಾಕ್ಷಿಯೇ ಹೇಳಿದರು. ಅದೇ ಅಕ್ಟೋಬರಿನಲ್ಲಿ ಒಂದು ಹಸು ಒದ್ದು ಧರ್ಮಪಾಲಣ್ಣನ ಮೊಣಕಾಲು ಒಡೆಯಿತು. ಅವರು ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಒಂದು ಮಧ್ಯಾಹ್ನ ಲೋಲಾಕ್ಷಿ ಗೆಡ್ಡೆ ಜೋಡಿಸಲು ಈ ಕೋಣೆಗೆ ಬಂದವರು ಹೊರಗೆ ಬರಲಿಲ್ಲ. ಹೃದಯಾಘಾತ. ಸಂಜೆ ಹಾಲಿನ ಹೊತ್ತಿಗೆ ಯಾರೋ ಬಾಗಿಲು ತೆರೆದು ನೋಡಿದ್ದು.

"ನನಗೆ ಹೇಳ್ಲಿಕ್ಕೆ ರಂಜಿತ್ ಬಂದ. ಕಾಲಿಗೆ ಕಬ್ಬಿಣ ಹಾಕಿ ಮಲಗಿದ್ದೆ. ಎದ್ದು ಕೂರ್ಲಿಕ್ಕೂ ಆಗ್ಲಿಲ್ಲ" ಎನ್ನುತ್ತಾರೆ. ರಂಜಿತ್ ಅವರ ತಂಗಿಯ ಮಗ, ಅಲ್ ಕುಸೈಸ್‌ನ ಗೋದಾಮೊಂದರಲ್ಲಿ ಕೆಲಸ. ದೇಹದ ಜೊತೆ ಊರಿಗೆ ಹೋದದ್ದು ಅವನೇ. ಹೆಂಡತಿಯ ಮುಖವನ್ನು ಧರ್ಮಪಾಲಣ್ಣ ಫೋನಿನಲ್ಲಿ ನೋಡಿದರು. ಉತ್ತರಕ್ರಿಯೆಯ ಬೊಜ್ಜವೂ ಫೋನಿನಲ್ಲೇ ಆಯಿತು.

ತೀರಿಹೋದವರಿಗೆ ಅವರಿಗಿಷ್ಟವಾದದ್ದನ್ನು ಎಲೆ ಹಾಕಿ ಬಡಿಸುವುದು ನಮ್ಮ ಕಡೆಯ ಕ್ರಮ. ಕೋಲು ಹಿಡಿದು ನಡೆಯುವಷ್ಟಾದ ಮೇಲೆ ಧರ್ಮಪಾಲಣ್ಣ ತಾವೇ ಬಡಿಸಬೇಕೆಂದು ಹೊರಟರು. ಎಲ್ಲಿ ಬಡಿಸುವುದು? ಲೇಬರ್ ರೂಮಿನಲ್ಲಿ ಆರು ಮಂಚ, ಆರು ಊರಿನವರು. ಕೊನೆಗೆ ಲೋಲಾಕ್ಷಿ ಕೊನೆಯುಸಿರೆಳೆದ ಈ ಕೋಣೆಯಲ್ಲೇ, ಗೆಡ್ಡೆಗಳ ರಾಕಿನ ಬುಡದಲ್ಲಿ, ಬಾಳೆಲೆ ಹಾಕಿದರು. ಬೇಯಿಸಿದ್ದನ್ನು ಆಮೇಲೆ ಕಾಗೆಗೆ ಇಟ್ಟರು. ಹಣ್ಣುಗಳನ್ನು ಅಲ್ಲಿಯೇ ಬಿಟ್ಟರು. ಕದಳಿ ಬಾಳೆಹಣ್ಣು, ಚಿಕ್ಕು.

"ಚಿಕ್ಕು ಅಂದ್ರೆ ಅವಳಿಗೆ ಜೀವ. ಇರ್ಲಿ ಅವಳ ಹತ್ರ ಅಂತ ಬಿಟ್ಟೆ. ಕಪ್ಪಾದ್ರೆ ಹೊಸತು ತಂದಿಡ್ತಿದ್ದೆ. ಪ್ರತಿ ಮಂಗಳವಾರ. ಹಳೇದನ್ನು ಬಿಸಾಡ್ಲಿಕ್ಕೂ ಮನಸ್ಸು ಬರ್ತಿರ್ಲಿಲ್ಲ. ಡಿಸೆಂಬರ್ ಮುಗಿಯುವವರೆಗೂ ಇಟ್ಟೆ."

ಆ ವಸಂತದಲ್ಲಿ ಇಡೀ ಕೋಣೆಯಲ್ಲಿ ಒಂದೇ ಒಂದು ಹೂ ಬರಲಿಲ್ಲ. ದಷ್ಟಪುಷ್ಟ ಎಲೆಗಳು, ನಡುವೆ ಒಣಗಿ ಮುರುಟಿದ ಕಾಗದದ ಚೂರಿನಂಥದ್ದೇನೋ. ಹಾಲೆಂಡಿನ ವ್ಯಾಪಾರಿ ವಿಡಿಯೋದಲ್ಲಿ ನೋಡಿ ಕೇಳಿದ ಮೊದಲ ಪ್ರಶ್ನೆ, ಪಕ್ಕದಲ್ಲಿ ಹಣ್ಣು ಇಟ್ಟಿದ್ದಿರಾ ಎಂದು. ಮಾಗುವ ಹಣ್ಣು ಬಿಡುವ ಒಂದು ಗಾಳಿ ಗೆಡ್ಡೆಯೊಳಗೆ ಮಲಗಿರುವ ಹೂವನ್ನು ಕೊಂದುಬಿಡುತ್ತದಂತೆ. ಮಾತು ತಿಳಿಸಿಕೊಡಲು ಬಂದಿದ್ದ ರಂಜಿತ್ ಅದನ್ನು ತುಳುವಿನಲ್ಲಿ ಮಾವನಿಗೆ ಹೇಳಿದ. ಹೇಳಬಾರದಿತ್ತು ಎಂದು ಇವತ್ತಿಗೂ ಅವನಿಗೆ ಅನಿಸುತ್ತದೆ.

"ಊಟ ಹಾಕ್ತೇನೆ ಅಂತ ಹೋಗಿ ಅವಳ ಹೂವಿಗೇ ವಿಷ ಹಾಕಿದ ಹಾಗಾಯ್ತಲ್ಲ ಸಾ" ಎನ್ನುವಾಗ ಧರ್ಮಪಾಲಣ್ಣ ನನ್ನ ಮುಖ ನೋಡುವುದಿಲ್ಲ. ಟ್ರೇಯ ಅಂಚಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಾರೆ. ನಾನು ಪೆನ್ನು ಕೆಳಗಿಡುತ್ತೇನೆ.

ರಂಜಿತ್ ಹೇಳಿದ ದಿನವೇ ಅವರು ಮಾಮಾನ ಎದುರು ಹೋಗಿ ನಿಂತು ನಡೆದದ್ದನ್ನು ಹೇಳಿದರಂತೆ. ಮುದುಕಿ ತಸ್ಬೀಯ ಜಪಮಣಿ ಎಣಿಸುತ್ತಲೇ, "ಖಲಾಸ್, ಆದದ್ದು ಆಯಿತು. ನೀನು ನಿನ್ನ ಹೆಂಡತಿಗೆ ಉಣಿಸಿದೆ. ಹೂವನ್ನು ನಾನು ಕೊಂಡುಕೊಳ್ಳಬಲ್ಲೆ" ಎಂದರು. ಕಳೆದ ಅಕ್ಟೋಬರಿನಲ್ಲಿ ಹೊಸ ಗೆಡ್ಡೆ ಬಂತು. ಇಂದು ಅರಳಿ ನಿಂತಿರುವುದೆಲ್ಲ ಅದೇ. ನೀಲಿ ಟ್ರೇಯದ್ದನ್ನು ಕೊಳ್ಳಲು ಸಿಗುವುದಿಲ್ಲ. ಎಸೆಯಲು ಮನಸ್ಸಾಗದೆ ಧರ್ಮಪಾಲಣ್ಣ ಆ ಗೆಡ್ಡೆಗಳನ್ನು ಹೆಂಡತಿ ಮಾಡುತ್ತಿದ್ದ ಹಾಗೆಯೇ ಒಣಗಿಸಿ, ತಣ್ಣಗೆ ಮಲಗಿಸಿ, ಮತ್ತೆ ನೆಟ್ಟಿದ್ದಾರೆ. ಕೆಲವು ಕೊಳೆತುಹೋದವು. ಉಳಿದವು ಎಲೆ ಬಿಟ್ಟಿವೆ.

ವರ್ಷಾಂತಿಕದ ದಿನ ಎಲ್ಲಿ ಬಡಿಸಿದಿರಿ ಎಂದು ಕೇಳುತ್ತೇನೆ.

"ಹೊರಗೆ. ಹಟ್ಟಿಯ ಹಿಂದೆ, ಖರ್ಜೂರದ ಮರದ ಅಡಿಯಲ್ಲಿ. ಇನ್ನು ಒಳಗೆ ಬೇಡ ಮಾರಾಯ್ತಿ, ಇಲ್ಲೇ ಬಾ ಅಂತ ಹೇಳಿದೆ. ಬಂದಾಳು."

ಮಾರ್ಚ್ ಮೊದಲ ವಾರ ಅವರದೇ ಫೋನ್. "ಒಂದು ಬಂದಿದೆ. ಪುರುಸೊತ್ತಿದ್ರೆ ಬನ್ನಿ." ಹೋಗುತ್ತೇನೆ. ಎಲೆಗಳ ನಡುವೆ ಹೆಬ್ಬೆಟ್ಟಿನಷ್ಟು ಹಸಿರು ಮೊಗ್ಗು. ಬಣ್ಣ ಇನ್ನೂ ಹತ್ತಿಲ್ಲ. ಉಳಿದ ಗೆಡ್ಡೆಗಳೆಲ್ಲ ಎಲೆಯಲ್ಲೇ ನಿಂತಿವೆ, ಇದೊಂದೇ. ಧರ್ಮಪಾಲಣ್ಣ ಗಡ್ಡ ಬೋಳಿಸಿದ್ದಾರೆ, ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದಾರೆ. ಅವರ ಟಿಕೆಟ್ ಶುಕ್ರವಾರಕ್ಕೆ. ಮೊಗ್ಗು ಅರಳಲು ಇನ್ನೂ ಒಂದು ವಾರವಾದರೂ ಬೇಕು. ನಾಲ್ಕಾರು ದಿನ ಹೆಚ್ಚು ಇರುತ್ತೇನೆ ಎಂದು ಮಾಮಾನ ಹತ್ತಿರ ಕೇಳಿ ಆಗಿದೆ, ವೀಸಾಕ್ಕೆ ಏನಾದರೂ ಮಾಡುವ ಎಂದು ಆಕೆ ಒಪ್ಪಿಯೂ ಆಗಿದೆ. ಮಗಳಿಗೆ ಹೇಳುವುದೊಂದು ಬಾಕಿ.

ನನ್ನ ಎದುರೇ ವಿಡಿಯೋ ಕಾಲ್ ಮಾಡುತ್ತಾರೆ. ಭವ್ಯಶ್ರೀ ಶಾಲೆಯ ಜಗಲಿಯಲ್ಲಿ ನಿಂತಿದ್ದಾಳೆ. ಅಪ್ಪ ಮೊಗ್ಗು ತೋರಿಸುತ್ತಾರೆ. ಅವಳು ಫೋನನ್ನು ಕಣ್ಣಿನ ಹತ್ತಿರ ತರುತ್ತಾಳೆ.

"ಅಮ್ಮನದ್ದಾ?"

"ಹೌದು ಮಗಾ. ಅರಳ್ಲಿಕ್ಕೆ ಇನ್ನೂ ದಿನ ಹಿಡಿತದೆ. ಹಾಗೆ ಟಿಕೆಟ್ ಸ್ವಲ್ಪ ಮುಂದೆ ಹಾಕುವ ಅಂತ."

"ಇರಿ ಅಪ್ಪ. ನೋಡಿಕೊಂಡೇ ಬನ್ನಿ" ಎನ್ನುತ್ತಾಳೆ ಭವ್ಯಶ್ರೀ. ದನಿಯಲ್ಲಿ ಸಿಟ್ಟಿಲ್ಲ. "ಕಾಯುವುದು ನನಗೆ ಅಭ್ಯಾಸ ಉಂಟು."

ಧರ್ಮಪಾಲಣ್ಣ ಫೋನನ್ನು ಮಡಿಲಲ್ಲಿ ಮಗುಚಿಟ್ಟು ಗೋಡೆಯ ಕಡೆ ತಿರುಗುತ್ತಾರೆ. ಅತ್ತ ಮಗಳು ಅಪ್ಪಾ, ಅಪ್ಪಾ ಎನ್ನುತ್ತಿದ್ದಾಳೆ. ಕಣ್ಣೊರೆಸಿಕೊಂಡು ಫೋನನ್ನು ಮತ್ತೆ ಎತ್ತುತ್ತಾರೆ.

"ಬೇಡ ಮಗಾ. ಶುಕ್ರವಾರವೇ ಬರ್ತೇನೆ. ಏರ್‌ಪೋರ್ಟಿಗೆ ಬಾ."

ಮಾತು ಮುಗಿಸಿ ಮೊಗ್ಗಿನ ಬುಡಕ್ಕೆ ಒಂದು ಲೋಟ ನೀರು ಹಾಕುತ್ತಾರೆ. ಈ ಅಂಕಣಕ್ಕೆ ಬರೆಯುವ ನಾನು ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆಯೊಂದಿದೆ, ನಿಮ್ಮ ಆಸೆ ಏನು ಎಂದು. ಇವತ್ತು ನಾನು ಅದನ್ನು ಕೇಳುವ ಮೊದಲೇ ಅವರೇ ಹೇಳುತ್ತಾರೆ.

"ನಿಮಗೆ ಉಪದ್ರ ಇಲ್ಲದಿದ್ರೆ, ಇದು ಅರಳುವ ದಿನ ಒಮ್ಮೆ ಬನ್ನಿ ಸಾ. ಫೋಟೋ ಎಲ್ಲ ಬೇಡ. ಸುಮ್ಮನೆ ಸ್ವಲ್ಪ ಹೊತ್ತು ಹತ್ರ ಕೂತ್ಕೊಳ್ಳಿ. ಇದಕ್ಕೂ ಹತ್ರ ಯಾರೂ ಇಲ್ಲದ ಹಾಗೆ ಆಗ್ಬಾರ್ದು."