ಧೂಳಪ್ಪ ಪೈಲ್ವಾನನ ತೊಡೆ ಸಪ್ಪಳ

ಮೊನ್ನೆ ಚುಡವಾ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಚೂರಿನಲ್ಲಿ ಒಬ್ಬ ಮುಷ್ಟಿಮಲ್ಲನ ಚಿತ್ರ ಕಂಡೆ. ಯಾವ ದೇಶದವನೋ, ಹೆಸರಿದ್ದ ಜಾಗ ಎಣ್ಣೆ ಹೀರಿ ಅಕ್ಷರ ಮಾಯವಾಗಿದ್ದವು. ಒಂದು ಕಾಲಕ್ಕೆ ಜಗತ್ತನ್ನೇ ಗೆದ್ದಿದ್ದನಂತೆ. ಆಮೇಲೆ ಆಟ ಬಿಟ್ಟೆ ಎಂದನಂತೆ. ಬಿಟ್ಟದ್ದನ್ನೂ ಬಿಟ್ಟು ಮತ್ತೆ ಬಂದನಂತೆ. ಚಿತ್ರದಲ್ಲಿ ಆತ ಅಖಾಡದ ಹಗ್ಗದ ಮೇಲೆ ಒಣಹಾಕಿದ ಕಂಬಳಿಯ ಹಾಗೆ ಜೋತುಬಿದ್ದಿದ್ದ. ಹೊಡೆದು ಬೀಳಿಸಿದ ಹುಡುಗ ಪಕ್ಕದಲ್ಲಿ ನಿಂತು, ಗೆದ್ದವನ ಮುಖ ಮಾಡುವ ಬದಲು, ಮಾವನ ಮನೆಯ ಕನ್ನಡಿ ಒಡೆದ ಅಳಿಯನ ಮುಖ ಮಾಡಿದ್ದ.

ಓದಿ ಕಾಗದ ಬಿಸಾಕಿದ್ದರೆ ಆಗುತ್ತಿತ್ತು. ನನ್ನ ಬಾಯಿ ಕೇಳಬೇಕಲ್ಲ. ಭಾಲ್ಕಿಯ ಹಜಾಮನ ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಕತ್ತರಿ ನಿಂತಿತು.

“ಮನ್ಯಾಗ ಕೂಡ್ಲಕ ಏನಾಗಿತ್ರಿ ಅವಗ?” ಎಂದ ಹಜಾಮ.

ಅರ್ಧ ಗಡ್ಡ ಬೋಳಿಸಿಕೊಂಡಿದ್ದವರೊಬ್ಬರು ನೊರೆಯೊಳಗಿಂದಲೇ, “ಚಪ್ಪಾಳಿ ಚಟ ರೀ ಅದು. ಸೇಂದಿ ಬಿಡಬಹುದು, ಅದು ಬಿಡ್ಲಕ ಆಗಲ್ಲ” ಎಂದರು. ಇನ್ನೊಬ್ಬರು, “ತಲಿಗಿ ಪೆಟ್ಟು ಬಿದ್ದು ಬಿದ್ದು ಅಕಲ್ ಹೋಗಿರ್ತದ, ಅಷ್ಟೇ” ಎಂದು ತೀರ್ಪು ಕೊಟ್ಟರು. ಕೊನೆಗೆ ಹಜಾಮ ನನ್ನ ಕಡೆ ತಿರುಗಿ, “ಮಾಸ್ತರ್, ನೀವು ಓದಿದವ್ರು. ನೀವ್ ಹೇಳ್ರಿ” ಎಂದ.

ನಾನು ಎದ್ದು, ಹಗ್ಗದ ಮೇಲೆ ಜೋತುಬಿದ್ದ ಮುಷ್ಟಿಮಲ್ಲನ ನಕಲು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಉತ್ತರ ಹೇಳುವುದು ತಪ್ಪಿತು. ಇದು ನನ್ನ ಹಳೆಯ ಉಪಾಯ. ಉತ್ತರ ಗೊತ್ತಿಲ್ಲದಾಗ ನಕಲು ಮಾಡುತ್ತೇನೆ. ಗೊತ್ತಿದ್ದು ಹೇಳಲಾಗದಿದ್ದಾಗ ಇನ್ನೂ ಚೆನ್ನಾಗಿ ಮಾಡುತ್ತೇನೆ. ನಿಮಗೊಬ್ಬರಿಗೆ ಹೇಳುತ್ತೇನೆ, ಹಜಾಮನ ತನಕ ಹೋಗದಿರಲಿ.

ನಕಲು ನನಗೆ ಕಲಿತು ಬಂದದ್ದಲ್ಲ. ನನ್ನ ಅವ್ವ ಬೀದರಿನ ಮಿಷನ್ ದವಾಖಾನೆಯಲ್ಲಿ ನರ್ಸು. ಅವಳ ಪ್ರಕಾರ ಹುಟ್ಟಿದಾಗ ನಾನು ಅತ್ತ ಮೊದಲ ಅಳುವೇ ಪಕ್ಕದ ಮಂಚದ ಕೂಸಿನದು. ಆಮೆನ್ ಅನ್ನುವ ಮೊದಲು ಸರಿಯಾಗಿ ಒಂದು ಸೀನು ಸೀನುವ ನಮ್ಮ ಪಾದ್ರಿಗಳಿಂದ ಹಿಡಿದು, ಕಚೇರಿಯಲ್ಲಿ ಫೈಲು ಒಪ್ಪಿಸುವ ಪೇಶಕಾರ ಸಾಹೇಬರ ತನಕ ನಲವತ್ತು ಮಂದಿ ನನ್ನ ಗಂಟಲಲ್ಲಿ ವಾಸವಾಗಿದ್ದರು. ಪೇಶಕಾರರು ಉರ್ದುವಿನಲ್ಲಿ ಕೂಗಿದರೆ ಜವಾನ ಕಚೇರಿಯ ಆ ತುದಿಯಲ್ಲಿ ಎದ್ದು ನಿಲ್ಲುತ್ತಿದ್ದ. ನಾನು ಬೇಲಿಯಾಚೆ ಕೂಗಿದರೂ ನಿಲ್ಲುತ್ತಿದ್ದ. ಆ ಸುಖ ಬಹಳ ದಿನ ನಡೆಯಲಿಲ್ಲ. ಬೀದರು ಮೈಸೂರು ರಾಜ್ಯಕ್ಕೆ ಸೇರಿತು. ಫೈಲುಗಳೆಲ್ಲ ಬಲದಿಂದ ಎಡಕ್ಕೆ ಓಡುವುದು ಬಿಟ್ಟು ಎಡದಿಂದ ಬಲಕ್ಕೆ ಓಡತೊಡಗಿದವು. ಪೇಶಕಾರರು ಮೊಮ್ಮಗನ ಪಾಟಿ ಇಸಕೊಂಡು ಅ ಆ ತಿದ್ದತೊಡಗಿದರು. ಅವರ ದನಿ ಇಳಿಯಿತು. ಅವರ ದನಿ ಇಳಿದ ಮೇಲೆ ನನ್ನ ನಕಲಿಗೆ ಯಾರು ನಗುತ್ತಾರೆ? ಹೊಸ ಹುಡುಗರು ನನ್ನ ಮುಖ ನೋಡಿ, “ಇದು ಯಾರದ್ರಿ ಮಾಸ್ತರ್?” ಎಂದು ಕೇಳುತ್ತಾರೆ. ಇಪ್ಪತ್ತಾರನೆಯ ವಯಸ್ಸಿಗೇ ನನ್ನ ಕಾಲ ಮುಗಿಯಿತು. ಆದರೂ ಪೇಶಕಾರರ ನಕಲು ನಾನು ಬಿಟ್ಟಿಲ್ಲ. ಯಾರೂ ನಗದಿದ್ದರೆ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಮಾಡುತ್ತೇನೆ.

ಆ ನಲವತ್ತು ಮಂದಿಯಲ್ಲಿ ಎಲ್ಲರಿಗಿಂತ ಮೊದಲು ನನ್ನೊಳಗೆ ಬಂದವನು ಧೂಳಪ್ಪ ಪೈಲ್ವಾನ. ಅಪ್ಪ ಭಾತಂಬ್ರಾದಲ್ಲಿ ಮಾಸ್ತರನಾಗಿದ್ದಾಗ ನಮ್ಮ ಮನೆಯ ಹಿಂದೆಯೇ ಊರ ತಾಲೀಮು, ಕುಸ್ತಿಯ ಗರಡಿ. ಹತ್ತು ವರ್ಷದ ನಾನು ಅದರ ಕಿಟಕಿಗೆ ಹಲ್ಲಿಯಂತೆ ಅಂಟಿಕೊಂಡಿರುತ್ತಿದ್ದೆ. ಧೂಳಪ್ಪ ಕಾಕಾ ಆಗ ಮೂವತ್ತೈದರ ಗಂಡಸು. ಕಣಕ್ಕಿಳಿದು ತೊಡೆ ತಟ್ಟಿದನೆಂದರೆ ಅದು ಬೇರೆ ಯಾರ ಸಪ್ಪಳವೂ ಅಲ್ಲ. ಮೊದಲು ಪೂರ್ತಿ ಅಂಗೈಯ ಒಂದು ಭಾರದ ಏಟು. ಆಮೇಲೆ ಅರ್ಧ ಉಸಿರಿನಷ್ಟು ಬಿಡುವು. ಆಮೇಲೆ ಬರೀ ಬೆರಳಿನ ಒಂದು ಹಗುರ ಏಟು, ಬಾಗಿಲು ಹಾಕಿ ಅಗಳಿ ಸರಿಸಿದ ಹಾಗೆ. ಔರಾದದ ಕಡೆಯ ಪೈಲ್ವಾನರಿಗೆ ಆ ಅಗಳಿಯ ಸಪ್ಪಳ ಕೇಳಿದರೇ ಅರ್ಧ ಕುಸ್ತಿ ಸೋತಂತೆ ಎನ್ನುತ್ತಿದ್ದರು. ಅದನ್ನು ಕಲಿಯಲಿಕ್ಕೆ ನಾನು ಒಂದು ಬೇಸಿಗೆಯೆಲ್ಲ ನನ್ನ ಕಡ್ಡಿತೊಡೆ ಬಡಿದುಕೊಂಡು ಕೆಂಪು ಮಾಡಿಕೊಂಡೆ. ರಜೆಗೆ ಬೀದರಿನಿಂದ ಬಂದ ಅವ್ವ ಕಜ್ಜಿಯೋ ಗಜಕರ್ಣವೋ ಎಂದು ಹೆದರಿ ಮುಲಾಮು ಹಚ್ಚಿದಳು.

ನಮ್ಮ ಕಡೆ ಪೈಲ್ವಾನಕಿ ಬಿಡುವುದಕ್ಕೂ ಒಂದು ರೀತಿ ಇದೆ. ತಾಲೀಮಿನ ಹನುಮಪ್ಪನ ಮುಂದೆ ಲಂಗೋಟ ಇಟ್ಟು, ಕಣದ ಮಣ್ಣು ಹಣೆಗೆ ಹಚ್ಚಿಕೊಂಡು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೊರಗೆ ಬರಬೇಕು. ಧೂಳಪ್ಪ ಕಾಕಾ ಇದನ್ನು ಮೂರು ಸಲ ಮಾಡಿದ. ಮೊದಲ ಸಲ ಇಟ್ಟ ಲಂಗೋಟ ಎಂಟೇ ದಿನಕ್ಕೆ ವಾಪಸು ತಂದ, ಇಲಿ ಕಡಿಯುತ್ತವೆಂದು. ಎರಡನೆಯ ಸಲ ಒಂದು ಸುಗ್ಗಿಯ ತನಕ ತಡೆದ. ಆ ಬಳಿಕ ಮೊಣಕಾಲು ನೀರು ತುಂಬಿ ಕುಂಬಳಕಾಯಿಯಾಯಿತು. ಮೂರನೆಯ ಸಲ ಅವನ ಹೆಂಡತಿ ನರಸಮ್ಮ ಕಾಕಿ ತಾನೇ ತಾಲೀಮಿನ ಬಾಗಿಲಿಗೆ ಬಂದು ನಿಂತು, “ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳು” ಎಂದಳು. ಇಟ್ಟು ಹೇಳಿದ. ಎರಡು ವರ್ಷ ಅದರಂತೆ ಇದ್ದ.

ನಾನು ಆಗ ನಗುತ್ತಿದ್ದೆ. ಬಿಡಲಾಗದವರನ್ನು ಕಂಡು ನಗುವುದು ಬೀದರಿನವರಿಗೆ ಸುಲಭ. ಅಷ್ಟೂರಿಗೆ ಹೋದರೆ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಮೊದಲಿನವು ಆಕಾಶಕ್ಕೆ ಗುದ್ದು ಕೊಡುವಂಥ ಗುಮ್ಮಟಗಳು. ಒಂದರ ಅರ್ಧ ಗುಮ್ಮಟ ಸಿಡಿಲಿಗೆ ಉರುಳಿದೆ, ಆದರೂ ಉಳಿದರ್ಧ ಸೋಲೊಪ್ಪಿಲ್ಲ. ಮುಂದೆ ಮುಂದೆ ನಡೆದಂತೆ ಗೋರಿಗಳು ಚಿಕ್ಕವಾಗುತ್ತ ಹೋಗುತ್ತವೆ. ಕಡೆಯ ಸುಲ್ತಾನರ ಕೈಯಲ್ಲಿ ರಾಜ್ಯವಿರಲಿಲ್ಲ. ಆಳುವವರು ಬೇರೆ, ಇವರದು ಬರೀ ಕಿರೀಟ. ಸಾಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ, ಗದ್ದುಗೆಯ ಮೇಲೆ ತೂಕಡಿಸುವ ಕಡೆಯ ಸುಲ್ತಾನನ ನಕಲು ಮಾಡಿ ನಗಿಸುತ್ತಿದ್ದೆ. ಈಗ ಮಾಡುವುದಿಲ್ಲ.

ರಾಜ್ಯ ಸೇರಿದ ವರ್ಷವೇ ಮೈಸೂರಿನ ಕಡೆಯಿಂದ ಒಬ್ಬ ಹೊಸ ಸಾಹೇಬರು ಭಾಲ್ಕಿಗೆ ಬಂದರು. ಅವರಿಗೆ ನಮ್ಮ ಸೀಮೆಯ ಕುಸ್ತಿ ತೋರಿಸಬೇಕೆಂದು ಊರ ಹಿರಿಯರು ಒಂದು ಮಧ್ಯಾಹ್ನ ಕಣ ಹದ ಮಾಡಿಸಿದರು. ಸಾಹೇಬರ ಪಕ್ಕದ ಕುರ್ಚಿಯಲ್ಲಿ ಧೂಳಪ್ಪ ಕಾಕಾನನ್ನು ಕೂರಿಸಿದರು. ಹೊಸ ರುಮಾಲು, ಕರಿ ಕೋಟು, ಕೈಯೆರಡೂ ಮೊಣಕಾಲ ಮೇಲೆ. ನಾನು ಅವನ ಹಿಂದೆಯೇ, ಜನರ ಮೊದಲ ಸಾಲಿನಲ್ಲಿ. ಸಾಹೇಬರು ಒಳ್ಳೆಯವರು. ಮೆಲ್ಲಗೆ ಊರ ಗೌಡರನ್ನು ಕೇಳಿದರು: “ಇವರು ಯಾರು ಸ್ವಾಮಿ, ಜಮೀನ್ದಾರರೋ?”

“ಜೀ, ನಮ್ಮ ಹಳೇ ಪೈಲ್ವಾನರ್ರಿ.”

“ಓಹೋ, ಸಂತೋಷ” ಎಂದು ಸಾಹೇಬರು ಶರಬತ್ತು ಕುಡಿದರು. ಧೂಳಪ್ಪ ಕಾಕಾ ಕೋಟಿನ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿಕೊಂಡ.

ಕಡೆಯ ಕುಸ್ತಿಯ ಹೊತ್ತಿಗೆ ಎಕಂಬಾದ ತುಕಾರಾಮನೆಂಬ ಹುಡುಗ ಕಣಕ್ಕಿಳಿದ. ಇಪ್ಪತ್ತೆರಡರ ಪ್ರಾಯ, ಎತ್ತಿನ ಕತ್ತು. ಬಲಗೈ ಮೇಲೆತ್ತಿ ಸುತ್ತು ಹಾಕಿದ. ಯಾರಾದರೂ ಎದ್ದು ಆ ಕೈ ಹಿಡಿದರೆ ಜೋಡಿ ಆಯಿತೆಂದು ಅರ್ಥ. ಒಂದು ಸುತ್ತು, ಎರಡು ಸುತ್ತು. ಯಾರೂ ಏಳಲಿಲ್ಲ. ಸಾಹೇಬರು ಕೈಗಡಿಯಾರ ನೋಡಿಕೊಂಡರು.

ಆಗ ನನಗೇನಾಯಿತೋ. ಚೇಷ್ಟೆ ಅನ್ನಲೇ, ಸಿಟ್ಟು ಅನ್ನಲೇ? ಈ ಸಾಹೇಬರಿಗೆ ನಮ್ಮ ಧೂಳಪ್ಪ ಎಂಥವನು ಅನ್ನುವುದು ಗೊತ್ತಾಗಲಿ ಅನ್ನಿಸಿತು. ಪಂಜೆ ಮೇಲೆ ಸರಿಸಿ ತೊಡೆ ತಟ್ಟಿದೆ. ಒಂದು ಭಾರದ ಏಟು. ಬಿಡುವು. ಅಗಳಿ.

ಇಡೀ ಮೈದಾನದ ಕತ್ತು ತಿರುಗಿತು. ನನ್ನ ಕಡೆಗಲ್ಲ, ಅವನ ಕಡೆಗೆ. ಆ ಸಪ್ಪಳ ಯಾರದೆಂದು ಭಾಲ್ಕಿಯ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಧೂಳಪ್ಪ ಕಾಕಾ ಮೊಣಕಾಲ ಮೇಲಿದ್ದ ತನ್ನ ಕೈಗಳನ್ನೇ ನೋಡಿದ. ಅವು ಅಲುಗಿರಲಿಲ್ಲ. ‘ನಾನಲ್ಲ’ ಅಂದಿದ್ದರೆ ಮುಗಿಯುತ್ತಿತ್ತು. ‘ಅವನಲ್ಲ, ನಾನು’ ಎಂದು ಹೇಳಲು ನಾನೂ ಬಾಯಿ ತೆರೆದೆ. ನಲವತ್ತು ಮಂದಿಯ ದನಿ ಬರುತ್ತಿದ್ದ ಗಂಟಲಿನಿಂದ ನನ್ನದೊಂದೇ ಬರಲಿಲ್ಲ.

ಅವನು ಎದ್ದ. ರುಮಾಲು ಬಿಚ್ಚಿ ಕುರ್ಚಿಯ ಮೇಲಿಟ್ಟ. ಯಾರೋ ಓಡಿಹೋಗಿ ಲಂಗೋಟ ತಂದರು. ಜನ ಹುಚ್ಚೆದ್ದು ಕೂಗುತ್ತಿದ್ದರು.

ತುಕಾರಾಮ ಒಳ್ಳೆಯ ಮನೆಯ ಹುಡುಗ. ಮೊದಲು ಕಾಲು ಮುಟ್ಟಿ ನಮಸ್ಕರಿಸಿದ. ಹಿಡಿದದ್ದೂ ಅಜ್ಜನ ಜೋಡಿ ಜೋಳದ ಚೀಲ ಹೊರುವವನ ಹಾಗೆ, ಜೋಪಾನವಾಗಿ. ಹೀಗೇ ಸ್ವಲ್ಪ ಹೊತ್ತು ತಳ್ಳಾಡಿದರೆ ಪಂಚರು ಬರೋಬರಿ ಎಂದು ಬಿಡಿಸುತ್ತಾರೆ. ಇಬ್ಬರ ಮಾನವೂ ಉಳಿಯುತ್ತದೆ. ಕಣದ ಅಂಚಿಗೆ ಬಂದಾಗ ಧೂಳಪ್ಪ ಕಾಕಾ ಅವನಿಗೆ ಹೇಳಿದ್ದು ನನಗೆ ಕೇಳಿಸಿತು: “ಗಟ್ಟಿ ಹಿಡಿಯಪಾ. ನಾ ಇನ್ನ ಜೀವಂತ ಅದೀನಿ.”

ಹುಡುಗ ಗಟ್ಟಿ ಹಿಡಿದ. ಕಾಕಾ ಬಗ್ಗಿ ಅವನನ್ನು ಬೆನ್ನಿಗೆ ಎಳೆದುಕೊಂಡ. ಅಗಸ ಬಟ್ಟೆ ಒಗೆದಂತೆ ಹೆಗಲ ಮೇಲಿಂದ ಒಗೆಯುವ ಅವನ ಹೆಸರಾಂತ ಪಟ್ಟು ಅದು. ಹುಡುಗನ ಕಾಲು ನೆಲ ಬಿಟ್ಟವು. ಒಂದು ಗಳಿಗೆ, ದೇವರಾಣೆ, ಅವನಿಗೆ ಮೂವತ್ತೈದೇ ವಯಸ್ಸು. ಆಮೇಲೆ ಒಣ ಜಾಲಿ ಟೊಂಗೆ ಮುರಿದಂಥ ಸಪ್ಪಳ ಕೇಳಿತು. ಆ ಸಪ್ಪಳದ ನಕಲು ನನಗೆ ಬರುವುದಿಲ್ಲ.

ಕಾಕಾನ ಸೊಂಟದ ಎಲುಬು. ಅವ್ವನ ದವಾಖಾನೆಯಲ್ಲಿ ಬಹಳ ದಿನ ಮಲಗಿ ಮನೆಗೆ ಬಂದ. ಕೋಲು ಹಿಡಿದರೆ ಹಿತ್ತಲ ತನಕ, ಹಿಡಿಯದಿದ್ದರೆ ಹೊರಸು. ನಾನು ಒಂದು ತಿಂಗಳು ಆ ಊರಿಗೇ ಹೋಗಲಿಲ್ಲ. ಒಂದು ಭಾನುವಾರ ಚರ್ಚು ಮುಗಿಸಿ, ತಪ್ಪೊಪ್ಪಿಗೆಯ ಮೇಲೆ ಪಾದ್ರಿಗಳು ಮಾಡಿದ ಪ್ರಸಂಗದ ಬಿಸಿ ಆರುವ ಮೊದಲೇ ಭಾತಂಬ್ರಾಕ್ಕೆ ನಡೆದೆ. ನರಸಮ್ಮ ಕಾಕಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಪಡಸಾಲೆಯ ಹೊರಸಿನ ಮೇಲೆ. ಆಕೆಗೆ ಕೇಳದಂತೆ ದನಿ ತಗ್ಗಿಸಿದೆ.

“ಕಾಕಾ, ಅವತ್ತ ತೊಡಿ ತಟ್ಟಿದಾಂವ ನಾನು.”

“ಗೊತ್ತದ” ಎಂದ. “ನನ್ನ ಕೈ ಎಲ್ಲಿತ್ತು ನನಗ ಗೊತ್ತಿಲ್ಲೇನಲೇ?”

“ಮತ್ತ ಯಾಕ ಎದ್ದಿ?”

ಬಲಗೈ ಬಿಡಿಸಿ ನೋಡಿಕೊಂಡ. ಒಳಗೆ ರೊಟ್ಟಿಯ ಸಪ್ಪಳ ನಡೆದೇ ಇತ್ತು. “ಆ ಸಪ್ಪಳ ಈಗಿಂದಲ್ಲ. ನೀ ಕಿಟಕಿಗಿ ನಿಂದರ್ತಿದ್ದಿ ನೋಡು, ಆಗಿಂದು. ಇಷ್ಟ ವರ್ಷ ಆತು, ನನ್ನ ಕೈಲಿಂದ ಅದು ಬರ್ಲೇ ಇಲ್ಲ. ಅವತ್ತ ಅಷ್ಟು ಮಂದ್ಯಾಗ ಬಂತು. ಎಲ್ಲಾರು ನನ್ನ ಕಡಿ ನೋಡಿದ್ರು. ಅಲ್ಲ ಅಂತ ಹ್ಯಾಂಗ ಹೇಳ್ಲಿ?”

“ಕಾಕಿಗರ ಹೇಳ್ತೇನಿ. ನೀ ಮಾತು ಮುರದಿ ಅಂತ ತಿಳ್ಕೊಂಡಾಳ.”

“ಹೇಳಬ್ಯಾಡ. ಆಕಿ ಒಂದು ತಿಂಗಳಾತು, ನನ್ನ ಕೂಡ ಮಾತಾಡಿಲ್ಲ. ಗಂಗಾಳ ಇಡ್ತಾಳ, ಹೋಗ್ತಾಳ. ಹೇಳಿದ್ರ ನಿನಗ ಬೈತಾಳ, ನನ್ನ ನೋಡಿ ಅಯ್ಯೋ ಅಂತಾಳ. ಸಿಟ್ಟರ ಇರ್ಲಿ. ಅಯ್ಯೋ ಅನ್ನೋದು ಬ್ಯಾಡ.” ಆಮೇಲೆ ಗೋಡೆಯ ಕಡೆ ಮುಖ ಮಾಡಿ, ಬೀಡಿ ಕೇಳುವವನ ಹಾಗೆ ಕೇಳಿದ: “ಒಮ್ಮೆ ಹೊಡಿ.”

ಹೊಡೆದೆ. ಅಡಿಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು.

“ಸುರು ಆತಾ ಮತ್ತ?” ಕಾಕಿಯ ದನಿ. “ಸೊಂಟ ಮುರಕೊಂಡು ಬಿದ್ದಾನ, ಇನ್ನ ಹುಮ್ಮಸ ಇಳಿದಿಲ್ಲ ಮುದುಕಗ. ಎದ್ದೀ ಅಂದ್ರ ಕಟಗಿ ತಗೊಂಡು ಬರ್ತೇನಿ ನೋಡು.”

ಒಂದು ತಿಂಗಳ ಮೇಲೆ ಆಕೆ ಆಡಿದ ಮೊದಲ ಮಾತು. ಧೂಳಪ್ಪ ಕಾಕಾ ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರು ಎಂದ. ಮೂವತ್ತು ವರ್ಷ ಜೋಡಿ ಬಾಳಿದವಳಿಗೂ ಅದು ತನ್ನದೇ ಸಪ್ಪಳವಾಗಿ ಕೇಳಿಸಿತು ಎಂದು ಅವನ ಮುಖ ಹೊಳೆಯುತ್ತಿತ್ತು.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತೇನೆ. ಒಂದು ಸಲ ತೊಡೆ ತಟ್ಟುತ್ತೇನೆ. ಕಾಕಿ ಬೈಯುತ್ತಾಳೆ. ಅವನು ಬೈಸಿಕೊಂಡು, ಪದಕ ಕಟ್ಟಿಸಿಕೊಂಡವನ ಹಾಗೆ ಎದೆ ಉಬ್ಬಿಸಿ ಒರಗುತ್ತಾನೆ. ನಾನು ಬಿಸಿ ರೊಟ್ಟಿ ತಿಂದು ಬರುತ್ತೇನೆ. ಇದು ಪ್ರಾಯಶ್ಚಿತ್ತವೋ, ಮತ್ತೊಂದು ಮೋಸವೋ, ಪಾದ್ರಿಗಳನ್ನು ಕೇಳಿಲ್ಲ. ಕೇಳಿದರೆ ಸೀನಿಬಿಟ್ಟಾರು.

ಕಳೆದ ಭಾನುವಾರವೂ ಹೊಡೆದೆ. ಕೈಗೆ ಏನಾಗಿತ್ತೋ, ಅಗಳಿ ಸ್ವಲ್ಪ ತಡವಾಗಿ ಬಿತ್ತು, ಸಪ್ಪೆಯಾಗಿ. ಒಳಗೆ ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. ಕಾಕಾ ಅಡಿಗೆಮನೆಯ ಬಾಗಿಲು ನೋಡಿದ. ಕಾದ. ಒಂದು ರೊಟ್ಟಿ ಮುಗಿದು ಇನ್ನೊಂದು ಸುರುವಾಯಿತು. ಅವನ ಮುಖ ನಿಧಾನವಾಗಿ ಹಗ್ಗದ ಮೇಲಿನ ಕಂಬಳಿಯಾಗತೊಡಗಿತು. ಮನೆಯಲ್ಲಿ ಕೂಡಲಿಕ್ಕೆ ಏನಾಗಿತ್ತು ಎಂದು ಹಜಾಮ ಕೇಳಿದ್ದನಲ್ಲ.

ನಾನು ಅಂಗೈ ಒರೆಸಿಕೊಂಡೆ, ತೊಡೆ ಬಿಗಿ ಮಾಡಿದೆ, ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೊಡೆದೆ.